ಮೂರು ಗಂಟೆಯ ಅಜ್ಜಿ

ಗಂಟೆ ಮೂರೂ ಇಪ್ಪತ್ತಾದರೂ ಫೋನು ತುಟಿಪಿಟಕ್ಕೆನ್ನಲಿಲ್ಲ. ಗ್ರಂಥಪಾಲಕ ರಿಸೀವರ್ ಎತ್ತಿ ಕಿವಿಗಿಟ್ಟು ನೋಡಿದ. ಲೈನು ಸರಿಯಾಗಿಯೇ ಇತ್ತು.

ಮೂರಕ್ಕೆ ಸರಿಯಾಗಿ ಬರುವ ಆ ಅಜ್ಜಿಯ ಕರೆ ಎಂಟು ತಿಂಗಳಿಂದ, ರಜೆ ಬಿಟ್ಟರೆ, ಒಂದು ದಿನವೂ ತಪ್ಪಿದ್ದಿಲ್ಲ. ಮೊದಲ ಸಲ ಅಜ್ಜಿ ಫೋನು ಮಾಡಿದ್ದು ಪುಸ್ತಕ ಹಿಂದಿರುಗಿಸುವ ದಿನ ಕೇಳಲು. ಮಾತಿಗೆ ಮಾತು ಸೇರಿ ಮುಕ್ಕಾಲು ಗಂಟೆಯಾಯಿತು. ಮರುದಿನದಿಂದ ಪ್ರಶ್ನೆಗಳು ಶುರುವಾದವು: ‘ಹಿಯರ್’ಗೂ ‘ಲಿಸನ್’ಗೂ ಏನು ವ್ಯತ್ಯಾಸ, ‘ಹೌಸ್’ಗೂ ‘ಹೋಮ್’ಗೂ ಏನು. ಓದುಗರು ಅಪರೂಪವಾಗಿದ್ದ ಆ ಕೋಣೆಯಲ್ಲಿ ಅವನು ನಿಘಂಟು ತೆರೆದು, ಉದಾಹರಣೆ ಕೊಟ್ಟು, ಎಳೆಎಳೆಯಾಗಿ ಬಿಡಿಸಿ ಹೇಳುತ್ತಿದ್ದ. ಪಾಪ, ಮಾತಿಗೆ ಜನವಿಲ್ಲದ ಮುದುಕಿ. ತನ್ನಿಂದ ಇಷ್ಟಾದರೂ ಆಗಲಿ ಎಂದುಕೊಂಡಿದ್ದ.

ನಿನ್ನೆಯ ಜೋಡಿ ‘ಅಲೋನ್’, ‘ಲೋನ್ಲಿ’.

“ಎರಡೂ ಒಂದೇ ಅಲ್ವೇನಪ್ಪಾ?”

“ಅಲ್ಲ ಅಜ್ಜಿ. ಅಲೋನ್ ಅಂದ್ರೆ ಜೊತೆಗೆ ಯಾರೂ ಇಲ್ಲ, ಅಷ್ಟೇ. ಯಾರಾದ್ರೂ ಇದ್ದಿದ್ರೆ ಅಂತ ಜೀವ ಹಂಬಲಿಸಿದ್ರೆ ಅದು ಲೋನ್ಲಿ.”

“ನೀನು ಯಾವುದು ಮಗಾ?”

“ನಾನಾ? ಬರೀ ಅಲೋನ್,” ಎಂದು ನಕ್ಕಿದ್ದ. ಆ ಕಡೆ ನಗು ಕೇಳಿಸಿರಲಿಲ್ಲ.

ಮೂರೂವರೆಗೆ ಅವನು ಕುರ್ಚಿ ಬಿಟ್ಟು ಎದ್ದ. ಜಾರಿ ಬಿದ್ದಿರಬಹುದು. ಕೂಗಿದರೂ ಕೇಳುವವರು ಯಾರು? ಸದಸ್ಯರ ಕಾರ್ಡು ಹುಡುಕಿ ವಿಳಾಸ ಗೀಚಿಕೊಂಡ. ಗ್ರಂಥಾಲಯಕ್ಕೆ ಬೀಗ ಜಡಿದು, ಹೆಚ್ಚುಕಡಿಮೆ ಓಡಿದ.

ಮೂರು ಮಹಡಿ ಹತ್ತಿ ಬಾಗಿಲು ತಟ್ಟುವಾಗಲೇ ಒಳಗಿನ ಗಲಾಟೆ ಕೇಳಿಸಿತು. ಮನೆ ತಪ್ಪಿತೇ? ಬಾಗಿಲು ತೆರೆದವಳ ಸೊಂಟದ ಮೇಲೆ ಕೂಸು. ಅವಳ ಹಿಂದೆ ಮೇಜಿನ ಸುತ್ತ ಏಳೆಂಟು ಮಕ್ಕಳು ಪುಸ್ತಕ ಹರಡಿಕೊಂಡು ಕೂತಿದ್ದರು. ನಡುವೆ ಕೊರಳಿಗೆ ಮಫ್ಲರ್ ಸುತ್ತಿಕೊಂಡ ಅಜ್ಜಿ, ಕೆಂಪು ಪೆನ್ನು ಹಿಡಿದು ಯಾರದೋ ಇಂಗ್ಲಿಷ್ ಪ್ರಬಂಧ ತಿದ್ದುತ್ತಿದ್ದಳು. ಅವನನ್ನು ಕಂಡವಳೇ ಪೆನ್ನು ಕೆಳಗಿಟ್ಟಳು.

“ಲೈಬ್ರರಿಯವರಾ? ಬನ್ನಿ ಒಳಗೆ,” ಎಂದಳು ಸೊಸೆ. “ಅತ್ತೆಗೆ ಗಂಟಲು ಕಟ್ಟಿದೆ, ಮಾತಾಡಕೂಡದು ಅಂದಿದಾರೆ ಡಾಕ್ಟ್ರು. ನಾನೇ ಫೋನ್ ಮಾಡಿ ಹೇಳ್ತೀನಿ ಅಂದ್ರೆ ಬೇಡ ಅಂತ ಕೈ ಆಡಿಸಿದ್ರು.”

“ಅಜ್ಜಿಗೆ… ಇಂಗ್ಲಿಷ್ ಬರುತ್ತಾ?”

“ಬರುತ್ತಾ ಅಂತ ಕೇಳ್ತೀರಲ್ಲ. ಮೂವತ್ತೈದು ವರ್ಷ ಕಾಲೇಜಲ್ಲಿ ಅದನ್ನೇ ಕಲಿಸಿದವರು.”

“ಮತ್ತೆ ದಿನಾ ನನ್ನನ್ನ ಯಾಕೆ ಕೇಳ್ತಿದ್ರು?”

ಸೊಸೆ ಅತ್ತೆಯ ಮುಖ ನೋಡಿದಳು. ಅಜ್ಜಿ ತಲೆ ತಗ್ಗಿಸಿದಳು.

“ಏನೂ ತಿಳ್ಕೋಬೇಡಿ,” ಎಂದಳು ಸೊಸೆ, ದನಿ ಇಳಿಸಿ. “ಮೊದಲ ದಿನ ಫೋನ್ ಇಟ್ಟವರೇ ಅಂದ್ರು, ‘ಪಾಪ, ಆತನಿಗೆ ಮಾತಾಡಕ್ಕೆ ಒಂದು ನರಪಿಳ್ಳೆ ಇಲ್ಲ ಕಣೇ, ದಿನಾ ಏನಾದ್ರೂ ಕೇಳ್ತಿರ್ತೀನಿ’ ಅಂತ.”