ಗೇಟಿನ ಪಕ್ಕದ ಕಲ್ಲು

ಅವತ್ತು ಕೂಡ ಕಲ್ಲಿನ ಬುಡದಲ್ಲಿ ದೀಪ ಉರಿಯುತ್ತಿತ್ತು. ಸುತ್ತ ಒಂದು ಮುಷ್ಟಿ ಕೇಪುಳ ಹೂ. ಹೂ ಎಲ್ಲಿಂದ ಬಂತೆಂದು ಸುಧಾಕರ ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನೇ ನೆಟ್ಟ ಕೇಪುಳದ ಸಾಲು ಬೋಳಾಗಿ ನಿಂತಿತ್ತು. ಬೈಕಿನಿಂದ ಇಳಿಯುವ ಮೊದಲೇ ಅವನ ತಲೆ ಕೆಟ್ಟಿತು.

ಸುಧಾಕರ ಉದ್ಯಾನ ವಿನ್ಯಾಸಕಾರ. ಮೂಡುಬಿದಿರೆಯಲ್ಲಿ ಹಾಗೆಂದು ಬೋರ್ಡು ಹಾಕಿ ಎರಡು ವರ್ಷವಾದರೂ ಜನ ಅವನನ್ನು ಹೂಗಿಡ ಮಾರುವವನೆಂದೇ ತಿಳಿದಿದ್ದರು. ಪುಂಜಾಲಕಟ್ಟೆಯ ರಾಜೀವಿಯಕ್ಕ ಮಾತ್ರ, ಗಂಡ ಮಸ್ಕತ್ತಿನಲ್ಲಿ ದುಡಿದು ಕಟ್ಟಿಸಿದ ಮನೆಯ ಮುಂದಿನ ಜಾಗವನ್ನಿಡೀ ಅವನ ಕೈಗೆ ಒಪ್ಪಿಸಿ, "ನಿಮಗೆ ಚಂದ ಕಂಡ ಹಾಗೆ ಮಾಡಿ" ಎಂದಿದ್ದರು. ಹಾಗೆ ಹೇಳುವ ಗಿರಾಕಿ ಜನ್ಮಕ್ಕೊಬ್ಬರು ಸಿಕ್ಕಿದರೆ ಹೆಚ್ಚು. ಅವನು ಜೀವ ತೇದು ದುಡಿದ. ಹುಲ್ಲು ಹಾಸಿದ, ಮುರಕಲ್ಲಿನ ದಾರಿ ಮಾಡಿದ, ಗೇಟಿನ ಪಕ್ಕ ರಸ್ತೆಗೆ ಕಾಣುವಂತೆ ಎದೆಯೆತ್ತರದ ಒಂದು ಕರಿಕಲ್ಲು ನಿಲ್ಲಿಸಿದ. ಬರೀ ಅಲಂಕಾರಕ್ಕೆ. ಕಾರ್ಕಳದ ಕಡೆಯ ಕಲ್ಲುಕೋರೆಯಿಂದ ಮೊಯ್ದೀನ್ ತನ್ನ ಲಾರಿಯಲ್ಲಿ ತಂದುಹಾಕಿದ ಕಲ್ಲು ಅದು. ನಾಲ್ಕು ಜನರಿಗೆ ತೋರಿಸಿಕೊಳ್ಳಲು ಸುಧಾಕರನಿಗಿದ್ದದ್ದು ಈ ಒಂದೇ ತೋಟ.

ಅದು ದೈವದ ಕಲ್ಲೆಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ದೀಪಾವಳಿ ಕಳೆದು ಬಂದ ಸಂಕ್ರಮಣದ ದಿನ ಅದರ ಮುಂದೆ ಒಂದು ದೀಪ ಕಂಡಿತು. ಮರುವಾರ ಮೂರು. ತಿಂಗಳು ತುಂಬುವುದರೊಳಗೆ ಬಸ್ಸಿನ ಡ್ರೈವರುಗಳು ಅಲ್ಲಿ ವೇಗ ಇಳಿಸಿ ಎದೆ ಮುಟ್ಟಿಕೊಳ್ಳತೊಡಗಿದರು. ಕಲ್ಲು ಅಜ್ಜನ ಕಾಲದಿಂದ ಅಲ್ಲೇ ಉಂಟೆಂದು ಆಣೆ ಹಾಕುವ ಮುದುಕರು ಹುಟ್ಟಿಕೊಂಡರು. ಮೊದಲು ಪೊದೆ ಇದ್ದುದರಿಂದ ಕಾಣುತ್ತಿರಲಿಲ್ಲ ಎಂಬ ವಿವರಣೆಯೂ ಸಿದ್ಧವಾಗಿತ್ತು. ಕಲ್ಲು ಬಂದು ವರ್ಷ ಕೂಡ ತುಂಬಿರಲಿಲ್ಲ.

"ಅಕ್ಕ, ಇದನ್ನು ತೆಗೆಸಿಬಿಡುವ," ಎಂದು ಅವನು ಎರಡು ಸಲ ಕೇಳಿದ್ದ.

"ಅದು ಅಲ್ಲೇ ಇರಲಿ," ಎಂದಿದ್ದರು ರಾಜೀವಿಯಕ್ಕ. "ಅದರ ಬಗ್ಗೆ ನೀವು ಯಾರ ಹತ್ರವೂ ಮಾತಾಡಬೇಡಿ. ಗಿಡ ನೋಡಿಕೊಳ್ಳಿ, ಸಾಕು."

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಹೆಂಗಸು. ಒಂದು ಸಂಜೆ ಅವರು ರಸ್ತೆಯ ಅಂಚಿನಿಂದ ಕಲ್ಲಿನವರೆಗೆ ಹೆಜ್ಜೆ ಎಣಿಸುತ್ತಾ ನಡೆಯುವುದನ್ನು ಕಂಡು, ಇವರೂ ಹರಕೆ ಹೊತ್ತರೇ ಎಂದು ಸುಧಾಕರನಿಗೆ ಮನಸ್ಸು ಕಹಿಯಾಯಿತು.

ಸಾಕ್ಷಿ ಹೇಳು ಎಂದರೆ ಮೊಯ್ದೀನನೂ ಜಾರಿಕೊಂಡ. "ನಾನೆಂತ ಹೇಳುವುದು ಮಾರಾಯ್ರೇ? ಇಷ್ಟು ಜನ ಹಳೇ ಕಲ್ಲು ಅಂತ ಹೇಳುವಾಗ ನನ್ನ ಲಾರಿಯ ಮಾತು ಯಾರಿಗೆ ಬೇಕು? ಕೆಲವು ಕಲ್ಲು ನಾವು ಎಣಿಸದ ಕೆಲಸಕ್ಕೂ ಬರ್ತದೆ. ಬಿಟ್ಟುಬಿಡಿ."

ಬಿಡುವ ಹಾಗಿರಲಿಲ್ಲ. ಬೆಳ್ತಂಗಡಿಯಲ್ಲಿ ಹೊಸ ಹೋಟೆಲು ಕಟ್ಟಿಸುತ್ತಿದ್ದ ಭೋಜಣ್ಣ, ಅದರ ತೋಟ ನಿನಗೇ ಎಂದಿದ್ದವರು, ಈಗ ಫೋನಿನಲ್ಲಿ ಬೇರೆ ರಾಗ ತೆಗೆದಿದ್ದರು. "ನೀನು ದೈವದ ಜಾಗದಲ್ಲಿ ಹುಲ್ಲು ಹಾಸಿದ್ದೀ ಅಂತ ಸುದ್ದಿ ಉಂಟಲ್ಲ? ನನ್ನ ಕೆಲಸದವರು ಹೆದರ್ತಾರೆ. ಗುರುವಾರ ನಮ್ಮ ಎಂಜಿನಿಯರನ್ನು ಅಲ್ಲಿಗೆ ಕಳಿಸ್ತೇನೆ. ಅವರು ನೋಡಿ ಹೇಳಲಿ, ಆಮೇಲೆ ಮಾತಾಡುವ."

ಇವತ್ತೇ ಗುರುವಾರ. ಸುಧಾಕರ ದೀಪ ಆರಿಸಲು ಬಗ್ಗಿದ, ಧೈರ್ಯ ಸಾಲದೆ ಎದ್ದ. ತನ್ನ ಮೇಲೆ ತನಗೇ ಸಿಟ್ಟು ಬಂತು.

ಹತ್ತು ಗಂಟೆಗೆ ಜೀಪು ಬಂತು. ಕೈಯಲ್ಲಿ ಫೈಲು ಹಿಡಿದ ನಡುವಯಸ್ಸಿನವರೊಬ್ಬರು ಇಳಿದರು. ರಾಜೀವಿಯಕ್ಕ ಪೇಟೆಗೆ ಹೋಗಿದ್ದರು. ಅಡ್ಡಿ ಮಾಡುವವರು ಯಾರೂ ಇಲ್ಲ ಎಂದು ಅವನಿಗೆ ಸಮಾಧಾನವಾಯಿತು.

"ಎಂಜಿನಿಯರ್ ಅಲ್ವಾ ಸಾರ್? ನಿಮ್ಮನ್ನೇ ಕಾಯ್ತಾ ಇದ್ದೆ."

"ಹೌದು. ನನ್ನನ್ನಾ?" ಎಂದರು ಅವರು. ತೋಟದ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ನೇರ ಕಲ್ಲಿನ ಹತ್ತಿರ ಹೋಗಿ ಚಪ್ಪಲಿ ಕಳಚಿ ನಿಂತರು. "ಭಾರೀ ಹಳೆಯದಂತಲ್ಲ ಇದು?"

ಎರಡು ತಿಂಗಳು ನುಂಗಿಕೊಂಡದ್ದೆಲ್ಲ ಸುಧಾಕರನ ಬಾಯಿಗೆ ಬಂತು. ಯಾವ ಕೆಲಸಕ್ಕೂ ಮೊದಲು ಮತ್ತು ಆಮೇಲೆ ಫೋಟೋ ತೆಗೆದಿಡುವುದು ಅವನ ಪದ್ಧತಿ. ಬ್ಯಾಗಿನಿಂದ ಆಲ್ಬಂ ತೆಗೆದು ಒಂದೊಂದಾಗಿ ತೋರಿಸಿದ. ಪೊದೆ ಕಡಿದ ಖಾಲಿ ನೆಲ. ಲಾರಿ. ಹಗ್ಗ ಕಟ್ಟಿ ಕಲ್ಲು ಇಳಿಸುತ್ತಿರುವ ಮೊಯ್ದೀನ್. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು, 2003ರ ಏಪ್ರಿಲ್.

"ನಾನೇ ನಿಲ್ಲಿಸಿದ ಕಲ್ಲು ಸಾರ್. ಇದರಲ್ಲಿ ದೈವವೂ ಇಲ್ಲ, ಎಂತದೂ ಇಲ್ಲ."

ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

"ಇದೊಂದು ನಾನು ತಗೊಳ್ಳಬಹುದಾ?"

"ಎರಡು ತಗೊಳ್ಳಿ ಸಾರ್."

"ದೊಡ್ಡ ತಲೆನೋವು ಕಳೆದಿರಿ ನೀವು," ಎಂದು ಅವರು ಅವನ ಕೈ ಕುಲುಕಿದರು. "ಇದೊಂದರಿಂದ ನಮ್ಮ ಕೆಲಸವೇ ನಿಂತುಹೋಗಿತ್ತು."

ಹೋಟೆಲಿನ ಕೆಲಸ ಸಿಕ್ಕಿದ ಹಾಗೆಯೇ. ಎಷ್ಟೋ ದಿನಗಳ ಮೇಲೆ ಸುಧಾಕರ ಸಿಳ್ಳೆ ಹಾಕುತ್ತಾ ಹುಲ್ಲಿಗೆ ನೀರು ಬಿಟ್ಟ. ಬಸ್ಸಿಳಿದು ಬಂದ ರಾಜೀವಿಯಕ್ಕನಿಗೆ ಗೇಟಿನಲ್ಲೇ ವರದಿ ಒಪ್ಪಿಸಿದ. "ಭೋಜಣ್ಣನ ಎಂಜಿನಿಯರ್ ಬಂದಿದ್ರು ಅಕ್ಕ. ಕಲ್ಲಿನ ಕಥೆ ಮುಗೀತು. ಫೋಟೋ ಕೂಡ ಕೊಟ್ಟು ಕಳಿಸಿದೆ."

ರಾಜೀವಿಯಕ್ಕ ರಸ್ತೆಯ ಕಡೆ ತಿರುಗಿದರು. ಜೀಪು ಇನ್ನೂ ಹೋಗಿರಲಿಲ್ಲ. ಸ್ವಲ್ಪ ಆಚೆ ನಿಂತಿತ್ತು. ಅದರಿಂದ ಇಬ್ಬರು ಇಳಿದು ಅಳತೆಯ ಟೇಪನ್ನೂ ಕೆಂಪು ಪೇಂಟಿನ ಡಬ್ಬಿಯನ್ನೂ ಹಿಡಿದು ಇತ್ತ ಬರುತ್ತಿದ್ದರು.

"ಅವರು ಭೋಜಣ್ಣನ ಕಡೆಯವರಲ್ಲ ಸುಧಾಕರ, ರಸ್ತೆ ಅಗಲ ಮಾಡುವವರು," ಎಂದರು ರಾಜೀವಿಯಕ್ಕ. "ಗೆರೆ ನಿಮ್ಮ ಈ ತೋಟದ ನಡುವೆಯೇ ಹೋಗುವುದಿತ್ತು. ಅದನ್ನು ಎದುರಿನ ಗುಡ್ಡೆಯ ಕಡೆಗೆ ತಿರುಗಿಸಬೇಕು ಅಂತ ಮೊದಲ ದೀಪ ಇಟ್ಟದ್ದು ನಾನೇ."