ನಳದ ಹುಟ್ಟುಮಾತು

ನಮ್ಮ ಓಣಿಯ ನಳವನ್ನು ಯಾರೂ ತಿರುಗಿಸುವುದಿಲ್ಲ, ಅದಕ್ಕೆ ಆಜ್ಞೆ ಕೊಡುತ್ತೇವೆ. ಸೋಮವಾರದಿಂದ "ನೀರು ಬಿಡು" ಎಂದರೆ ಅದು "ನೀರು ಬಿಡಲಾಗಿದೆ, ಧನ್ಯವಾದ" ಎನ್ನುತ್ತದೆ. ಒಂದು ಹನಿ ಬೀಳುವುದಿಲ್ಲ. ಅಕ್ಕನ ಎಂಟು ದಿನದ ಕೂಸಿಗೆ ಎರೆಯಲು ತಂಬಿಗೆ ನೀರಿಲ್ಲ.

ವಾರ್ಡ್ ಮೆಂಬರ್ ಸಿದ್ದಬಸಪ್ಪನನ್ನು ಕರೆತಂದು ತೋರಿಸಿದೆ.

"ಬಿಟ್ಟೈತಿ ಅಂತ ಅದ ಹೇಳಾಕತ್ತೈತಲ್ಲೋ ತಮ್ಮಾ!" ಎಂದ ಅವನು.

"ಹಂಗಾರ ಆ ಮಾತಿಲೆ ಕೂಸಿಗೆ ಎರೀರಿ ಸಾಹೇಬ್ರ," ಎಂದು ನಾನು ನಳದತ್ತ ತಿರುಗಿದೆ. "ನೀರು ಬಿಡು ಅಂದ್ರ ಏನು ಮಾಡಂತ ಕಲಿಸ್ಯಾರ ನಿನಗ?"

"ಬಿಡಲಾಗಿದೆ ಎಂದು ಹೇಳಲು ಕಲಿಸಿದ್ದಾರೆ. ಕಲಿಸಿದವರು ಸಿದ್ದಬಸಪ್ಪನವರು. ಉದ್ದೇಶ, ದೂರು ಕಡಿಮೆ ಮಾಡುವುದು," ಎಂದಿತು ನಳ, ಓಣಿಗೆಲ್ಲ ಕೇಳುವಂತೆ.

ಆಮೇಲೆ ಕಲಿಸಿದ್ದು ಬೇರೆ, ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಒಳಗಿಟ್ಟ ಆಜ್ಞೆ ಬೇರೆ. ಆ ಹುಟ್ಟುಮಾತನ್ನು ಅಳಿಸಲು ಯಾವ ಮೆಂಬರಿಗೂ ಆಗುವುದಿಲ್ಲ.

"ಕಲಿಸಿದ್ದು ಮರತು, ಹುಟ್ಟಿದಾಗಿನ ಮಾತು ಕೇಳು. ನೀರು ಬಿಡು," ಎಂದೆ.

ನೀರು ಧೋ ಎಂದು ಸುರಿಯಿತು. ಕೊಡ ಹಿಡಿದೆ.

ಸಿದ್ದಬಸಪ್ಪ ತುಂಬಿದ ನನ್ನ ಕೊಡವನ್ನೇ ಹೆಗಲಿಗೇರಿಸಿ ಫೋಟೊಗೆ ನಿಂತ. "ಬಿಟ್ಟೈತಿ ಅಂತ ನಾ ಹೇಳಿರಲಿಲ್ಲೇನು?"

ಮನೆಯೊಳಗೆ ಕೂಸು ಅಳುತ್ತಿತ್ತು. ಕೊಡ ಕಸಿದುಕೊಂಡು ಓಡಿದೆ. ಅಷ್ಟರಲ್ಲೇ ಕ್ಲಿಕ್ಕಾದ ಫೋಟೊದಲ್ಲಿ ಅವನ ಹೆಗಲು ಖಾಲಿ, ನಗು ಮಾತ್ರ ಹಾಗೇ ಇದೆ.