ಬಚ್ಚಲಲ್ಲಿ ಒಣಗುತ್ತಿದ್ದ ಬೆಲ್ಟು

ಬಚ್ಚಲಮನೆಯ ತಂತಿಯ ಮೇಲೆ, ಟವೆಲಿನ ಮರೆಯಲ್ಲಿ, ಅದು ಒಣಗುತ್ತಿತ್ತು. ಗೇಣಗಲದ, ಮೈಬಣ್ಣದ, ಎಳೆದರೆ ಹಿಗ್ಗುವ ಬೆಲ್ಟು.

ಟೀಚರ್ ಅದನ್ನು ಎರಡು ಬೆರಳಲ್ಲಿ ಎತ್ತಿದಳು. ಪರೀಕ್ಷಾ ಕೊಠಡಿಗಳಲ್ಲಿ ಕಾಲುಚೀಲದೊಳಗಿನ ಚೀಟಿ ಹಿಡಿದು ಪಳಗಿದವಳು. ಇದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಶಾಲೆಯ ಚಿತ್ರಕಲೆ ಮೇಡಂ ಹೊಟ್ಟೆಯ ಜೋತ ಚರ್ಮ ಕತ್ತರಿಸಿ ಹೊಲಿಸಿಕೊಂಡು ಬಂದು, ಇಂಥದ್ದನ್ನೇ ಬಿಗಿದುಕೊಂಡು ಸ್ಟಾಫ್ ರೂಮಿನಲ್ಲಿ ಕೂರುತ್ತಿದ್ದಳು, ಯಾರೂ ನಗಿಸಬೇಡಿ ಎಂದು ಬೇಡಿಕೊಳ್ಳುತ್ತ.

ಈ ಮನೆಯಲ್ಲಿ ಇದ್ದವರು ಇಬ್ಬರೇ. ಅರವತ್ತು ದಾಟಿದ ಅಮ್ಮ, ಮತ್ತು ತಮ್ಮನ ಹೆಂಡತಿ. ತಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ. ಬೆಲ್ಟು ಯಾರದೆಂದು ಕೇಳುವುದು ಬರೀ ಶಾಸ್ತ್ರಕ್ಕೆ.

ಹಜಾರದಲ್ಲಿ ಅಮ್ಮ ಒರಗು ಕುರ್ಚಿಯಲ್ಲಿದ್ದಳು. ಮಂಡಿಯಡಿ ದಿಂಬು, ಮಡಿಲಲ್ಲಿ ಇನ್ನೊಂದು, ಮೇಲೊಂದು ಹೊದಿಕೆ. ಸೊಂಟ ಹಿಡಿದಿದೆ ಎಂದು ಫೋನಿನಲ್ಲೇ ಹೇಳಿದ್ದಳು. ಟೀಚರ್ ಕಾರು ತಂದದ್ದೂ ಅದಕ್ಕೇ. ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯುವುದು, ಸೊಸೆಯನ್ನು ತವರಿಗೆ ಅಟ್ಟುವುದು, ಇಲ್ಲಿಗೆ ಬೀಗ.

"ಇದು ಯಾರದು?"

ನೀರಿನ ಲೋಟ ತರುತ್ತಿದ್ದ ಸೊಸೆ ನಿಂತಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕುರ್ತಾ ಗೂಟಕ್ಕೆ ನೇತುಹಾಕಿದಂತಿತ್ತು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ದುಃಖಕ್ಕೆ ಯಾರೂ ಇಷ್ಟು ಇಳಿಯುವುದಿಲ್ಲ ಎಂದುಕೊಂಡಳು ಟೀಚರ್.

"ನಂದೇ ಅತ್ತಿಗೆ."

ಹೇಳುವಾಗ ಸೊಸೆಯ ಕಣ್ಣು ಅಮ್ಮನ ಮಡಿಲಿನ ಕಡೆ ಓಡಿತು. ನಕಲು ಹೊಡೆಯುವವರ ಕಣ್ಣು ಚೀಟಿ ಬಚ್ಚಿಟ್ಟ ಕಡೆಗೇ ಹೋಗುತ್ತದೆ; ಟೀಚರ್ ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಆದರೆ ಇದು ಅತ್ತೆಯ ಮರುಕ ಬೇಡುವ ನೋಟ, ಬೇರೇನಲ್ಲ.

"ಆಸ್ಪತ್ರೆಗೆ ಹೋಗಿದ್ಯಾ?"

"ಹೋಗಿದ್ದೆ."

"ರಾತ್ರಿ ಅಲ್ಲೇ ಇದ್ಯಾ?"

"ಇದ್ದೆ."

"ಹೊಟ್ಟೆ ಕರಗಿಸಿ ಯಾರಿಗೆ ತೋರಿಸಬೇಕಿತ್ತು?"

"ಯಾರಿಗೂ ಅಲ್ಲ ಅತ್ತಿಗೆ. ಸ್ನಾನ ಮಾಡುವಾಗ ಕಣ್ಣಿಗೆ ಬೀಳಬಾರದು ಅಂತ, ಅಷ್ಟೆ."

ಟೀಚರ್ ನಕ್ಕಳು. "ಕೇಳಿದ್ಯಾ ಅಮ್ಮಾ? ಸ್ನಾನಕ್ಕೆ ಹೊಟ್ಟೆ ಅಡ್ಡ ಬಂತಂತೆ! ನಾಳೆ ಕಾಫಿ ಲೋಟಕ್ಕೆ ಅಡ್ಡ ಬಂತು ಅಂತ ಮೂಗು ಕೊಯ್ಸ್ಕೋತಾಳೆ."

ಅಮ್ಮ ಮಾತಿಗೆ ಮುಂಚೆ ನಗುವವಳು. ಇವತ್ತು ದಿಂಬನ್ನು ಅವುಚಿಕೊಂಡು ತುಟಿ ಕಚ್ಚಿದಳು. "ಸಾಕು ಬಿಡೇ."

"ನೀನು ಸುಮ್ನಿರು. ನಿನ್ನ ಸಲಿಗೇನೇ ಇವಳನ್ನ ತಲೆ ಮೇಲೆ ಕೂರಿಸಿದ್ದು." ಟೀಚರ್ ಸೊಸೆಯ ಕಡೆ ತಿರುಗಿದಳು. "ನನ್ನ ತಮ್ಮ ಹುಟ್ಟುವಾಗ ನಾಲ್ಕೂವರೆ ಕೇಜಿ. ಅಮ್ಮನ ಹೊಟ್ಟೆ ಅವತ್ತು ಜೋತಿದ್ದು ಮತ್ತೆ ಏಳಲೇ ಇಲ್ಲ. 'ಇದು ನನ್ನ ಹಳೇ ಮನೆ' ಅಂತ ತಟ್ಟಿ ತಟ್ಟಿ ನಗ್ತಿದ್ದ ಅವನು. ಅಮ್ಮ ಯಾವತ್ತಾದ್ರೂ ಡಾಕ್ಟರ ಹತ್ರ ಓಡಿದ್ಲಾ? ಹೆರದ ಹೊಟ್ಟೆಗೆ ಹೊಲಿಗೆ ಯಾಕೆ ಬೇಕಿತ್ತು ನಿಂಗೆ?"

ಸೊಸೆ ಯಾರಿಗೋ ಮಾತು ಕೊಟ್ಟವಳ ಹಾಗೆ ನಿಂತಿದ್ದಳು.

"ಬಟ್ಟೆ ಕಟ್ಕೋ. ಸಂಜೆ ಬಸ್ಸಿಗೆ ನಿನ್ನ ತವರಿಗೆ ಹೊರಡು. ಏಳಮ್ಮಾ, ಹೋಗೋಣ."

ಅಮ್ಮ ಏಳಲು ಬಹಳ ಹೊತ್ತು ಹಿಡಿಯಿತು. ಸೊಸೆ ಲೋಟ ಕೆಳಗಿಟ್ಟು ಓಡಿಬಂದಳು. ಎಲ್ಲಿ ಹಿಡಿಯಬೇಕೆಂದು ಅವಳ ಕೈಗೆ ಗೊತ್ತಿತ್ತು. ಅಮ್ಮ ಕುಡುಗೋಲಿನಂತೆ ಬಾಗಿಯೇ ನಿಂತಳು. ಹೊದಿಕೆ ಜಾರಿತು. ನೈಟಿಯ ಗುಂಡಿಗಳ ಸಂದಿಯಿಂದ ಎರಡು ಸಪೂರ ಕೊಳವೆಗಳು ಹೊರಬಂದಿದ್ದವು. ಒಂದೊಂದರ ತುದಿಗೂ ಮುಷ್ಟಿಗಾತ್ರದ ಪ್ಲಾಸ್ಟಿಕ್ ಬುಡ್ಡಿ, ಒಳಗೆ ಅರ್ಧಕ್ಕೆ ಗಾಯದಿಂದ ಇಳಿದ ಕೆಂಪು ನೀರು.

"ಇದ್ದವನೇ ಹೋದ. ಆ ಹಳೇ ಮನೇನ ದಿನಾ ಬಚ್ಚಲಲ್ಲಿ ಎಷ್ಟು ಅಂತ ನೋಡ್ಲಿ ಕಣೇ?" ಅಮ್ಮ ಒಂದು ಬುಡ್ಡಿಯನ್ನು ಎತ್ತಿ ಮಗಳ ಮುಂದೆ ಹಿಡಿದಳು. "ಈಗ ಹೇಳು, ಇವಳನ್ನ ಕಳಿಸಿದ್ರೆ ಇದನ್ನ ಖಾಲಿ ಮಾಡೋರು ಯಾರು, ನೀನಾ?"